ಕೂಸು ನೋಡುವ ಕೆಲಸ: ಯಾವ ಕಾಗದ ಬೇಕು? ಎಷ್ಟು ಗಳಿಕೆ?



ನಮ್ಮ ಇಚಲಕರಂಜಿ ಮಗ್ಗದ ಊರು. 1904ರಲ್ಲಿ ಇಲ್ಲಿ ಮೊದಲ ಪವರ್‌ಲೂಮ್ ಬಂತು. ಇಂದು ಹೆಂಗಸರೂ ಕಾಂಡಿ ಸುತ್ತುತ್ತಾರೆ, ಬಟ್ಟೆ ಹೊಲಿಯುತ್ತಾರೆ. ಆಗ ಕೂಸನ್ನು ಯಾರು ನೋಡಬೇಕು? ಶೆಡ್ಡಿಗೆ ಒಯ್ದರೆ ಗದ್ದಲ, ಹತ್ತಿಯ ಧೂಳು. ಮನೆಯಲ್ಲಿ ಬಿಟ್ಟರೆ ಹಿರಿಯ ಮಗಳ ಸಾಲಿ ತಪ್ಪುತ್ತದೆ. ಅದಕ್ಕೇ ಕೂಸು ನೋಡುವುದೂ ಒಂದು ದುಡಿಮೆ. ಅದಕ್ಕೆ ಮೂರು ದಾರಿ ಇವೆ.

ಒಂದು, ಅಂಗನವಾಡಿ. ಇದು 1975ರಲ್ಲಿ ಶುರುವಾಯಿತು. 2022ರಲ್ಲಿ 'ಪಾಲನಾ' ಯೋಜನೆ ಬಂತು. ಅದರಲ್ಲಿ 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳನ್ನು ಹಗಲು ನೋಡಿಕೊಳ್ಳುತ್ತಾರೆ. ಇಲ್ಲಿ ಲೈಸೆನ್ಸ್ ಬೇಡ, ಸರಕಾರದ ನೇಮಕ ಬೇಕು. 2018ರಲ್ಲಿ ಕೇಂದ್ರ ಸರಕಾರ ತನ್ನ ಪಾಲಿನ ಮಾನಧನವನ್ನು ಅಂಗನವಾಡಿ ಸೇವಿಕೆಗೆ 4,500 ರೂಪಾಯಿ, ಮದತನೀಸಳಿಗೆ 2,250 ರೂಪಾಯಿ ಮಾಡಿತು. ರಾಜ್ಯ ಅದಕ್ಕೆ ತನ್ನ ಪಾಲು ಕೂಡಿಸುತ್ತದೆ. ಆದರೆ ಅಂಗನವಾಡಿ ನೇಮಕಕ್ಕೆ 12ನೇ ಇಯತ್ತೆ ಪಾಸಾಗಿರಬೇಕು.

ಎರಡು, ಗಿರಣಿಯ ಕೂಸಿನ ಮನೆ. 50 ಅಥವಾ ಹೆಚ್ಚು ಕೆಲಸಗಾರರು ಇದ್ದಲ್ಲಿ ಮಾಲಕರು ಇದನ್ನು ನಡೆಸಬೇಕು ಎಂದು 2017ರಲ್ಲಿ ಕಾನೂನು ಆಯಿತು. ಕಾಗದಪತ್ರ ಮಾಲಕರ ಜವಾಬ್ದಾರಿ. ನಮಗೆ ತಿಂಗಳ ಪಗಾರ. ಸಣ್ಣ ಶೆಡ್ಡುಗಳಲ್ಲಿ ಅಷ್ಟು ಜನ ಇರುವುದಿಲ್ಲ.

ಮೂರು, ನಮ್ಮ ಮನೆಯಲ್ಲೇ ನಡೆಸುವುದು. ಇದಕ್ಕೆ ಎರಡು ಕಾಗದ ತಿಳಿದಿರಲಿ. ನಾವು 'ಗುಮಾಸ್ತಾ' ಅನ್ನುವುದು ಅಂಗಡಿ ಕಾಯ್ದೆಯ ಕಾಗದ. ಮಹಾರಾಷ್ಟ್ರದಲ್ಲಿ 20ಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಮಾಹಿತಿ ಕೊಟ್ಟರೆ ಸಾಕು, ನೋಂದಣಿ ಬೇಡ. ಇನ್ನೊಂದು 'ಉದ್ಯಮ' ನೋಂದಣಿ, 2020ರಿಂದ ಇದೆ. ಇದು ಪುಕ್ಕಟೆ ಆಗುತ್ತದೆ. ರೊಕ್ಕ ಕೇಳಿದರೆ ಕೊಡಬೇಡಿರಿ. ಇವು ಧಂದೆಯ ಕಾಗದಗಳು. ಕೂಸು ಸುರಕ್ಷಿತ ಇದೆ ಎಂದು ಇವು ಹೇಳುವುದಿಲ್ಲ. ಆ ಹೊಣೆ ನಮ್ಮದೇ.

ಈಗ ಲೆಕ್ಕ ಮಾಡೋಣ. ಇದು ಉದಾಹರಣೆ ಅಷ್ಟೇ. 8 ಕೂಸು, ತಲೆಗೆ 700 ರೂಪಾಯಿ ಎಂದರೆ 5,600 ಆಯಿತು. ಹಾಲು, ಸಾಬೂನು, ತಿನಿಸಿಗೆ ತಲೆಗೆ 200ರಂತೆ 1,600 ಹೋಯಿತು. ಉಳಿದದ್ದು 4,000. 

14 ಕೂಸು ತಗೊಂಡರೆ? 9,800 ಬರುತ್ತದೆ. ಖರ್ಚು 2,800. ಉಳಿದದ್ದು 7,000. ಆದರೆ ಒಬ್ಬಳಿಂದ ಆಗುವುದಿಲ್ಲ. 3 ವರ್ಷದೊಳಗಿನ 10 ಮಕ್ಕಳಿಗೆ ನೋಡುವವಳು ಒಬ್ಬಳು, ಜೊತೆಗೆ ಸಹಾಯಕಿ ಇರಬೇಕೆಂದು ಸರಕಾರದ ಮಾರ್ಗಸೂಚಿ ಹೇಳುತ್ತದೆ. ಇನ್ನೊಬ್ಬಳಿಗೆ 3,500 ಕೊಟ್ಟರೆ ನಮಗೆ ಉಳಿಯುವುದು 3,500. ನೋಡಿರಿ, ಕೂಸು ಹೆಚ್ಚಾದವು, ಗಳಿಕೆ ಕಡಿಮೆ ಆಯಿತು! ಒಬ್ಬಳೇ ನೋಡುತ್ತೇನೆ ಅಂದರೆ ಒಲೆಯ ಹತ್ತಿರ, ನೀರಿನ ಹೌದಿನ ಹತ್ತಿರ ಕೂಸು ಹೋದದ್ದು ಗೊತ್ತಾಗುವುದಿಲ್ಲ.

ಈಗ ನಿಮಗೆ ಅಕ್ಷರ ಬಂದಿದೆ. ಒಂದು ವಹಿ ಇಡಿರಿ. ಕೂಸಿನ ಹೆಸರು, ತಾಯಿಯ ಫೋನ್, ಲಸಿಕೆ ಹಾಕಿಸಿದ ದಿನ, ಬಂದ ಹೊತ್ತು, ಒಯ್ದವರ ಹೆಸರು, ಕೊಟ್ಟ ರೊಕ್ಕ ಎಲ್ಲ ಬರೆಯಿರಿ. ಗುರುತಿಲ್ಲದವರ ಕೈಗೆ ಕೂಸು ಕೊಡಬೇಡಿರಿ. ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿರಿ. ಮೊದಲು ಎರಡು-ಮೂರು ಕೂಸಿನಿಂದ ಶುರು ಮಾಡಿರಿ.