ಹಿಂದಿನ ಪುಟದಲ್ಲಿ ಉತ್ತರವಿಲ್ಲದ ಲೆಕ್ಕ

ಹಂಗಾರಕಟ್ಟೆಯ ಮಕ್ಕಳಿಗೆ ಯಕ್ಷಗಾನದ ತಾಳ ಹೊಸತಲ್ಲ. ಏಳಕ್ಷರದ ತ್ರಿವುಡೆಯನ್ನು ಬೆರಳಲ್ಲಿ ಎಣಿಸುತ್ತ, ಮೂರು ಮೂರು ಅಕ್ಷರಕ್ಕೊಂದು ಪೆಟ್ಟು ಹಾಕುತ್ತ ಹೋಗಿ ನೋಡಿ. ಪೆಟ್ಟು ಬೀಳುವುದು 1, 4, 7, 3, 6, 2, 5ರ ಮೇಲೆ. ಆಮೇಲೆ ಮತ್ತೆ 1. ಒಂದಕ್ಷರವೂ ತಪ್ಪುವುದಿಲ್ಲ. ಎರಡೆರಡಕ್ಕೆ ಹಾಕಿ, ಐದೈದಕ್ಕೆ ಹಾಕಿ, ಎಲ್ಲ ಅಕ್ಷರಕ್ಕೂ ಪಾಲು ಸಿಕ್ಕೇ ಸಿಗುತ್ತದೆ. ಈಗ ಆರಕ್ಷರದ ರೂಪಕಕ್ಕೆ ಬನ್ನಿ. ಎರಡೆರಡಕ್ಕೆ ಪೆಟ್ಟು ಹಾಕಿದರೆ 1, 3, 5, ಮತ್ತೆ 1. ಉಳಿದ ಮೂರರ ಮೇಲೆ ಎಷ್ಟು ಹೊತ್ತು ಬಾರಿಸಿದರೂ ಪೆಟ್ಟು ಬೀಳದು. ಏಳು ಅವಿಭಾಜ್ಯ, ಆರು ಅಲ್ಲ. ಕಾರಣ ಇಷ್ಟೇ. ಆದರೆ ಇಷ್ಟಕ್ಕೆ ಬಿಡದೆ, ಏಳನ್ನೂ ತಾಳವನ್ನೂ ಪಕ್ಕಕ್ಕಿಟ್ಟು, ಈ ಗುಣ ಇನ್ನೆಲ್ಲೆಲ್ಲಿ ಅಡಗಿದೆ ಎಂದು ಹುಡುಕಹೊರಟವರು ಅಮೂರ್ತ ಬೀಜಗಣಿತದೊಳಗೆ ಕಾಲಿಟ್ಟ ಹಾಗೆಯೇ. ನೀವು ಮೊಬೈಲಿನಲ್ಲಿ ಹಣ ಕಳಿಸುವಾಗ ಗುಟ್ಟು ಕಾಯುವುದೂ ಇಂಥದೇ ಸುತ್ತುಲೆಕ್ಕ. ಅಲ್ಲಿ ಏಳರ ಜಾಗದಲ್ಲಿ 70ಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯ ಸಂಖ್ಯೆ ಕೂತಿರುತ್ತದೆ.

ನಮ್ಮ ಕರಾವಳಿಯಲ್ಲಿ ಪಿಯುಸಿ ಗಣಿತಕ್ಕೆ ನೂರಕ್ಕೆ ನೂರು ತೆಗೆಯುವವರಿಗೆ ಬರಗಾಲವಿಲ್ಲ. ಅವರಲ್ಲಿ ಎಷ್ಟೋ ಮಂದಿ ಮರುದಿನವೇ ಸಿಇಟಿ ರ್‍ಯಾಂಕಿನ ಹಿಂದೆ ಹೊರಡುತ್ತಾರೆ. ಗಣಿತವನ್ನೇ ಓದುತ್ತೇನೆ ಎಂದರೆ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: “ಗಣಿತ ಓದಿ ಎಂತ ಮಾಡುದ್? ಮಾಷ್ಟ್ರ್ ಆಪುದಾ?” ಮೇಷ್ಟ್ರಾಗುವುದು ಸಣ್ಣ ಮಾತಲ್ಲ. ಆದರೆ ಅದರಾಚೆ ಇನ್ನೊಂದು ಬದುಕಿದೆ ಎಂದು ಆ ಮನೆಗಳಿಗೆ ಯಾರೂ ಹೇಳಿಲ್ಲ.

ಆ ಬದುಕು ಹೇಗಿರುತ್ತದೆ ಎಂಬುದಕ್ಕೆ ಒಂದು ಲೆಕ್ಕದ ಕಥೆ ಕೇಳಿ. 1955ರಲ್ಲಿ ಫ್ರಾನ್ಸಿನ ಗಣಿತಜ್ಞ ಜ್ಯಾನ್-ಪಿಯರ್ ಸೆರ್ ತಮ್ಮ ಪ್ರಬಂಧವೊಂದರಲ್ಲಿ, ಇದು ಗೊತ್ತಿಲ್ಲ ಎಂದು ಬರೆದಿಟ್ಟರು. ಬಹುಪದಿಗಳ ಮೇಲೆ ಕಟ್ಟಿದ ಒಂದು ರಚನೆಯಿಂದ ಚೊಕ್ಕವಾಗಿ ಬೇರ್ಪಡುವ ತುಂಡಿಗೆ ಅದರದೇ ಆದ ಆಧಾರ ಇದ್ದೇ ಇರುತ್ತದೆಯೇ ಎಂಬುದು ಪ್ರಶ್ನೆ. ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಳಗ ಅದರ ಬೆನ್ನು ಹತ್ತಿತು. ನಿಮ್ಮ ಅಳಿವೆಯ ಮುಂದಿರುವ ಇದೇ ಅರಬ್ಬೀ ಸಮುದ್ರದ ದಂಡೆಯಲ್ಲಿದೆ ಆ ಸಂಸ್ಥೆ. 1958ರಲ್ಲಿ ಸಿ. ಎಸ್. ಶೇಷಾದ್ರಿ ಎರಡು ಚರಾಕ್ಷರಗಳಿಗೆ ಹೌದು ಎಂದು ಸಾಧಿಸಿದರು. ಮೂರನೆಯದಕ್ಕೆ ಏರಲು ಎಷ್ಟು ವರ್ಷ ಹಿಡಿಯಿತು ಗೊತ್ತೇ? ಹದಿನಾರು. ಅದೇ ಸಂಸ್ಥೆಯಲ್ಲಿ ಕಲಿತ ಎಂ. ಪವಮಾನ ಮೂರ್ತಿ, ಜೇಕಬ್ ಟೌಬರ್ ಜೊತೆಗೂಡಿ 1974ರಲ್ಲಿ ಬೀಜಗಣಿತೀಯವಾಗಿ ಸಂವೃತವಾದ ಫೀಲ್ಡ್‌ಗಳ ಮೇಲೆ ಅದನ್ನು ಸಾಧಿಸಿದರು. 1976ರಲ್ಲಿ ಕ್ವಿಲೆನ್, ಸುಸ್ಲಿನ್ ಇಬ್ಬರೂ ಬೇರೆ ಬೇರೆಯಾಗಿ ಪೂರ್ತಿ ಉತ್ತರ ಕೊಟ್ಟರು. ಅದೇ ವರ್ಷ ಎಸ್. ಪರಿಮಳಾ ಎಂಬ ತರುಣಿ ಆ ಪ್ರಶ್ನೆಯನ್ನು ವರ್ಗರೂಪಗಳ ಕಡೆಗೆ ತಿರುಗಿಸಿ, ಇಲ್ಲಿ ಹಾಗಾಗುವುದಿಲ್ಲ ಎಂದು ಉದಾಹರಣೆಯೊಂದನ್ನು ಎದುರಿಗಿಟ್ಟರು. ಮುಂದೆ 1987ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ ಮುಗಿಸಿ ಶಿಕಾಗೋಗೆ ಹೋದ ವಿ. ಶ್ರೀನಿವಾಸ್ ಮರಳಿ ಬಂದು ಇದೇ ಸಂಸ್ಥೆಯಲ್ಲಿ ನೆಲೆನಿಂತರು. 2003ರ ಭಟ್ನಾಗರ್ ಅವರದು.

ಪರೀಕ್ಷೆಯಲ್ಲಿ ಮೂರು ಗಂಟೆ ಕೊಡುತ್ತಾರೆ. ಈ ಒಂದು ಲೆಕ್ಕ ಇಪ್ಪತ್ತೊಂದು ವರ್ಷ ತೆಗೆದುಕೊಂಡಿತು. ಅಷ್ಟೂ ಕಾಲ ಅದರೊಂದಿಗೆ ಬಾಳಿದವರನ್ನು ಸೋತವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅರ್ಧ ದಾರಿ ಕಡಿದು ಕೊಟ್ಟವರ ಹೆಸರೂ ಈ ಶಾಸ್ತ್ರದಲ್ಲಿ ಉಳಿಯುತ್ತದೆ. ಬೇಗ ಉತ್ತರ ಹೇಳುವವರಷ್ಟೇ ಗಣಿತಜ್ಞರು ಎಂದು ನಿಮ್ಮ ತಲೆಗೆ ಯಾರು ತುಂಬಿದ್ದರೂ ಅದನ್ನು ಕೊಡವಿ ಹಾಕಿ. ನಿಧಾನವಾಗಿ, ಬಿಡದೆ ಯೋಚಿಸುವವರು ಇಲ್ಲಿ ಬೇಕು.

ಮುಂಬಯಿ ದೂರವಾಯಿತೇ? ಮಣಿಪಾಲಕ್ಕೆ ಬಸ್ಸಿದೆ. ಅಲ್ಲಿನ ತಾಂತ್ರಿಕ ವಿದ್ಯಾಲಯದ ಗಣಿತ ವಿಭಾಗದಲ್ಲಿ ನಿಯರ್‌ರಿಂಗ್ ಎಂಬ ರಚನೆಗಳ ಮೇಲೆ ಸಂಶೋಧನೆ ನಡೆಯುತ್ತದೆ. ಅಲ್ಲಿಯ ಕುಂಚಂ ಶ್ಯಾಮ ಪ್ರಸಾದ್ ಅವರು ಭವನಾರಿ ಸತ್ಯನಾರಾಯಣ ಅವರೊಂದಿಗೆ ಸೇರಿ ಈ ಕುರಿತು ಬರೆದ ಗ್ರಂಥ 2013ರಲ್ಲಿ ಹೊರಬಂತು. ನಿಯರ್‌ರಿಂಗ್ ಎಂದರೇನು? ನೀವು ಶಾಲೆಯಲ್ಲಿ ಕಲಿತ ಹಂಚಿಕೆಯ ನಿಯಮ ಒಂದು ಬದಿಯಿಂದ ನಡೆಯುತ್ತದೆ, ಇನ್ನೊಂದು ಬದಿಯಿಂದ ನಡೆಯಲೇಬೇಕೆಂದಿಲ್ಲ. ವರ್ಗ ಮಾಡುವ ಕ್ರಿಯೆ ತೆಗೆದುಕೊಳ್ಳಿ: 1ನ್ನೂ 1ನ್ನೂ ಕೂಡಿ ವರ್ಗ ಮಾಡಿದರೆ 4, ಬೇರೆ ಬೇರೆ ವರ್ಗ ಮಾಡಿ ಕೂಡಿದರೆ 2. ಒಂದು ನಿಯಮ ಕೈಬಿಟ್ಟ ಮೇಲೂ ಏನೇನು ನಿಲ್ಲುತ್ತದೆ ಎಂದು ಕೇಳುವುದೇ ಅಲ್ಲಿನ ಕೆಲಸ.

ಪಿಯುಸಿಯಲ್ಲಿರುವವರು ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾತ್ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಈ ರಜೆಯಲ್ಲೇ ಹಿಡಿದು ಕೂರಿ. ದಿನಕ್ಕೆ ಒಂದೇ ಲೆಕ್ಕ ಸಾಕು, ಆದರೆ ಉತ್ತರ ನೋಡಬೇಡಿ. ಬಿ.ಎಸ್ಸಿ ಓದುತ್ತಿರುವವರಿಗೆ ಎಂಟಿಟಿಎಸ್ ಇದೆ. 1993ರಿಂದ ನಡೆದುಬಂದ ಗಣಿತದ ಬೇಸಿಗೆ ಶಿಬಿರ ಅದು. ಅಲ್ಲಿ ನಿಮ್ಮನ್ನು ಬೋರ್ಡಿನ ಮುಂದೆ ನಿಲ್ಲಿಸಿ “ಯಾಕೆ?” ಎಂದು ಕೇಳುತ್ತಲೇ ಇರುತ್ತಾರೆ. ಮೊದಲ ವಾರ ಕಣ್ಣೀರು ಬಂದರೂ ಬರಬಹುದು, ಓಡಿ ಬರಬೇಡಿ. ಅರ್ಜಿಗೆ ಅಧ್ಯಾಪಕರ ಪತ್ರ ಬೇಕು. ನಾಳೆ ತರಗತಿ ಮುಗಿದ ಮೇಲೆ ನಿಮ್ಮ ಗಣಿತದ ಮೇಷ್ಟ್ರ ಹತ್ತಿರ ಹೋಗಿ ಕೇಳಿ. ಹಾಗೆ ಕೇಳಿಕೊಂಡು ಬರುವ ಒಬ್ಬ ವಿದ್ಯಾರ್ಥಿಗಾಗಿ ಅವರು ಎಷ್ಟೋ ವರ್ಷದಿಂದ ಕಾದಿದ್ದಾರೆ.