ಇಲ್ಲದ ತೀರ್ಪಿನ ಆಧಾರ

ಅಂಕಿತವೊಂದಿದ್ದ ಮಾತ್ರಕ್ಕೆ ವಚನ ಬಸವಣ್ಣನವರದಾಗದು, ಹಸ್ತಪ್ರತಿ ನೋಡಬೇಕು ಎಂದು ಆಯುಷ್ಯವಿಡೀ ಪಾಠ ಹೇಳಿದವನು ನಾನು. 2025ರ ಮಾರ್ಚಿನ ಸುದ್ದಿಯೊಂದು ನನ್ನನ್ನು ಬೆಚ್ಚಿಸಿತು. ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರು ಆಧಾರವಾಗಿ ಹಿಡಿದಿದ್ದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಎಲ್ಲಿಯೂ ಇರಲೇ ಇಲ್ಲ! ತಾವು ಅವನ್ನು ಉಲ್ಲೇಖಿಸಿಲ್ಲವೆಂದು ವಾದಿಯ ವಕೀಲರೇ ಹೇಳಿದರು. ಕೃತಕ ಬುದ್ಧಿಮತ್ತೆಯ ಸೃಷ್ಟಿಯಿರಬಹುದೆಂಬ ಶಂಕೆ ಎದ್ದಿತು. ಹೈಕೋರ್ಟು ಕ್ರಮಕ್ಕೆ ಸೂಚಿಸಿತು.

ಗದ್ದೆಯ ಬದುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಶಿರಂಗಾಲದ ರೈತ ಯಾವ ಹಸ್ತಪ್ರತಿಯನ್ನು ನೋಡಿಯಾನು? ಮೇಲ್ಮನವಿಗೆ ಹಣವಿದ್ದವನಿಗಷ್ಟೇ ಆ ಸುಳ್ಳು ಹೊರಬಿದ್ದೀತು.

ನೆರೆಯ ಕೇರಳದ ಹೈಕೋರ್ಟು ಅದೇ ವರ್ಷದ ಜುಲೈನಲ್ಲಿ ನೀತಿಯೊಂದನ್ನು ರೂಪಿಸಿತು: ತೀರ್ಪು ನಿರ್ಣಯಿಸಲು ಯಂತ್ರ ಕೂಡದು, ಬಳಸಿದ ಪ್ರತಿ ಸಂದರ್ಭವೂ ದಾಖಲಾಗಬೇಕು. ಒಳ್ಳೆಯದೇ. ಆ ದಾಖಲೆಯನ್ನು ಸೋತವನಿಗೂ ತೋರಿಸುವರೆ?