ಮನೆಗೂ ಒಂದು ಪಾಲು



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಎಚ್ಚರಿಸಿದ್ದಾರೆ. ಮದುವೆಯ ಖರ್ಚು ಚಪ್ಪರ ಬಿಚ್ಚುವ ಹೊತ್ತಿಗೆ ಮುಗಿಯುತ್ತದೆ. ಮನೆಯ ಖರ್ಚಾದರೋ ಗೃಹಪ್ರವೇಶದ ದಿನ ಮೊದಲಾಗುತ್ತದೆ. ಕಟ್ಟಿದ ಮನೆಯನ್ನು ವರ್ಷ ವರ್ಷವೂ ಉಳಿಸಿಕೊಳ್ಳಲು ಎಷ್ಟು ಹಣ ಬೇಕು, ಅದನ್ನು ಹೇಗೆ ತೆಗೆದಿರಿಸಬೇಕು ಎಂಬುದೇ ಇಂದಿನ ನನ್ನ ಮಾತು.

ನಾನು ಕನ್ನಡ ಪಂಡಿತ, ಲೆಕ್ಕದ ಮಾಸ್ತರನಲ್ಲ. ಆದರೂ ಈ ಲೆಕ್ಕವನ್ನು ನಾನು ಶಾಸನಗಳಿಂದಲೇ ಕಲಿಯಬಹುದಾಗಿತ್ತು. ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದು. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದು ಎಂದು ಅದರ ಅರ್ಥ. ದೇವರ ಪೂಜೆಗೆ, ನೈವೇದ್ಯಕ್ಕೆ ಭೂಮಿಯನ್ನು ಬಿಡುವಾಗಲೇ ಈ ಕೆಲಸವನ್ನೂ ಹೆಸರಿಸಿ ಬಿಡುತ್ತಿದ್ದರು. ಗುಡಿ ಸೋರಿದ ಮೇಲೆ ಪಟ್ಟಿ ಎತ್ತಿದರಾಯಿತು ಎಂದು ಅವರು ಸುಮ್ಮನಿರಲಿಲ್ಲ.

ಇದನ್ನು ಮಕ್ಕಳಿಗೆ ಪಾಠ ಹೇಳುತ್ತಿದ್ದ ನಾನೇ ಮರೆತೆ. ಮಸ್ಕಿಯಲ್ಲಿ ನಮ್ಮ ಹಿರಿಯರದೊಂದು ಮೇಲ್ಮುದ್ದೆಯ ಮನೆ. ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಇಂಥ ಮಾಳಿಗೆಗೆ ಮುಂಗಾರಿಗೆ ಮೊದಲು ಸವಳು ಮಣ್ಣು ಹಾಕಿ, ತುಳಿದು, ನೀರು ಹರಿದುಹೋಗುವಂತೆ ಇಳಿಜಾರು ಮಾಡಬೇಕು. 2009ರ ಬೇಸಿಗೆಯಲ್ಲಿ ಮನೆಯಲ್ಲಿ ಮದುವೆ. ಬೀಗರು ಬರುತ್ತಾರೆಂದು ಮುಂಬದಿಯ ಗೋಡೆಗೆಲ್ಲ ಬಣ್ಣ ಬಳಿಸಿದೆ. ಮಾಳಿಗೆಯ ಮಣ್ಣನ್ನು ‘ಬರುವ ವರ್ಷ ನೋಡೋಣ’ ಎಂದೆ. ಆ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದ ಮೇಲೆಲ್ಲ ಸುರಿದ ಮಳೆಯನ್ನು ತಾವು ಮರೆತಿರಲಾರಿರಿ. ಎಷ್ಟೋ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ನಮ್ಮ ಹಿಂದಿನ ಕೋಣೆಯೂ ಒಂದು ರಾತ್ರಿ ಬಿತ್ತು. ಹಾಸಿಗೆಯ ಮೇಲೆ ಹನಿ ಬೀಳುತ್ತದೆಂದು ಅವ್ವ ಅಂದು ಪಡಸಾಲೆಗೆ ಬಂದು ಮಲಗಿದ್ದಳು. ಅಷ್ಟರಿಂದ ಉಳಿದಳು. ಬೆಳಿಗ್ಗೆ ಅವಳು ಅಂದದ್ದು ಒಂದೇ ಮಾತು: “ಬಣ್ಣ ಮಂದಿಗಾತು ಯಪ್ಪಾ, ಮಾಳಿಗಿ ನಮಗಾಗಬೇಕಿತ್ತು.” ನಾಲ್ಕು ಬಂಡಿ ಮಣ್ಣಿಗೆ ಲೋಭ ಮಾಡಿದವನು ಇಡೀ ಕೋಣೆಯನ್ನೇ ಕಟ್ಟಿಸಬೇಕಾಯಿತು.

ಆದುದರಿಂದ ಮೊದಲನೆಯ ನಿಯಮವಿದು: ನೀರಿನ ಕೆಲಸ ಮೊದಲು, ಬಣ್ಣದ ಕೆಲಸ ಕೊನೆಗೆ. ಮನೆಯನ್ನು ಕೆಡಿಸುವ ನೀರು ಒಂದೊಂದು ಕಡೆ ಒಂದೊಂದು ದಾರಿಯಲ್ಲಿ ಬರುತ್ತದೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಎರೆಭೂಮಿ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರೊಡನೆ ಗೋಡೆಯೂ ಬಿರಿಯುತ್ತದೆ. ಅಲ್ಲಿ ಬಚ್ಚಲ ನೀರು ಬುನಾದಿಯ ಬಳಿ ನಿಲ್ಲದಂತೆ ನೋಡುವುದೇ ದೊಡ್ಡ ರಿಪೇರಿ. ಲಿಂಗಸುಗೂರಿನ ಕಡೆ ಕಲ್ಲುಗೋಡೆಯ ಹಳೆಯ ಮನೆಗಳುಂಟು. ಕಲ್ಲು ಸವೆಯದು, ಸಂದಿನ ಮಣ್ಣು ತೊಳೆದುಹೋಗುತ್ತದೆ. ಆ ಸಂದುಗಳನ್ನು ಆಗಾಗ ತುಂಬಿಸಬೇಕು. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಕಂಡುಬಂದ ಅಶೋಕನ ಶಾಸನ ಎರಡು ಸಾವಿರ ವರ್ಷಗಳನ್ನು ಮೀರಿ ಬಾಳಿದೆ. ನಮ್ಮ ಮನೆಗಳು ಬಂಡೆಗಳಲ್ಲ. ಸಿಮೆಂಟಿನ ಛಾವಣಿಯೆಂದು ನಿಶ್ಚಿಂತರಾಗಿರುವವರೂ ಮೇಲೆ ಹತ್ತಿ ನೋಡಿರಿ. ನೀರು ಹೋಗುವ ಕೊಳವೆಯಲ್ಲಿ ಕಸ ಸಿಕ್ಕಿಕೊಂಡರೆ ನೀರು ನಿಂತು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಇನ್ನು ಹಣದ ಮಾತು. ಜಾಗದ ಬೆಲೆಯನ್ನು ಬಿಟ್ಟು, ಕಟ್ಟಡವನ್ನು ಇಂದು ಕಟ್ಟಿಸಲು ತಗಲುವ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲನ್ನು ವರ್ಷಕ್ಕೆ ತೆಗೆದಿಡುವುದು ರೂಢಿಯ ಲೆಕ್ಕ. 12 ಲಕ್ಷದ ಮನೆಗೆ ವರ್ಷಕ್ಕೆ 12,000, ತಿಂಗಳಿಗೆ 1,000 ರೂಪಾಯಿ. ಇದನ್ನು ಮೂರು ಗಂಟು ಮಾಡಿರಿ. ಮನೆ ತೆರಿಗೆ, ತೊಟ್ಟಿ ತೊಳೆಸುವುದು, ಸುಣ್ಣ, ಸಣ್ಣಪುಟ್ಟ ಗಾರೆ ಕೆಲಸ ಇವು ವರ್ಷವೂ ಬರುವ ಖರ್ಚು. ಇವಕ್ಕೆ 6,000 ಇರಲಿ. ಎರಡನೆಯದು ಕೆಲವು ವರ್ಷಕ್ಕೊಮ್ಮೆ ಬರುವಂಥದು. 9,000 ರೂಪಾಯಿಯ ನೀರಿನ ಮೋಟಾರು ಆರು ವರ್ಷ ಬಾಳುವುದಾದರೆ ವರ್ಷಕ್ಕೆ 1,500, ಐದು ವರ್ಷಕ್ಕೊಮ್ಮೆ 15,000ದ ಹೊರಬಣ್ಣವಾದರೆ ವರ್ಷಕ್ಕೆ 3,000, ಕೂಡಿ 4,500. ಉಳಿದ 1,500 ಹೇಳದೆ ಕೇಳದೆ ಬರುವ ಖರ್ಚಿಗೆ. ಅದು ಒಂದು ವರ್ಷ ಬೇಕಾಗದಿದ್ದರೆ ಹಬ್ಬಕ್ಕೆ ಎತ್ತಬೇಡಿ, ಮುಂದಿನ ವರ್ಷಕ್ಕೆ ಕೂಡಲಿ. ಈ ಅಂಕಿಗಳು ದಾರಿ ತೋರಿಸಲು ಮಾತ್ರ. ನಿಮ್ಮೂರ ಗೌಂಡಿಯ ಕೂಲಿಯನ್ನು ಕೇಳಿ ತಿದ್ದಿಕೊಳ್ಳಿರಿ. ಮನೆ ಹಳತಾದಷ್ಟೂ ಅದರ ಪಾಲು ಹೆಚ್ಚುತ್ತದೆ, ವಯಸ್ಸಾದವರ ಔಷಧದ ಖರ್ಚಿನಂತೆ.

ಹಣಕ್ಕೆ ತಕ್ಕ ಹೊತ್ತೂ ಇರಬೇಕು. ಯುಗಾದಿ ಮುಗಿದೊಡನೆ ಒಂದು ದಿನ ಮನೆಯನ್ನೆಲ್ಲ ಸುತ್ತಿ, ಕಂಡ ಕೊರತೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ರೋಹಿಣಿ ಮಳೆಗೆ ಮೊದಲು ಮಾಳಿಗೆಯ ಕೆಲಸ ಮುಗಿಯಲಿ. ಮಿರಗ ಹೊಕ್ಕ ಮೇಲೆ ಗೌಂಡಿ ಸಿಕ್ಕುವುದೂ ಕಷ್ಟ. ಹಸ್ತಾ ಚಿತ್ತಾ ಮಳೆ ಕಳೆದ ಮೇಲೆ, ದೀಪಾವಳಿಯ ಸುಣ್ಣಕ್ಕೆ ಮುಂಚೆ, ತೇವದ ಕಲೆಗಳನ್ನು ಮತ್ತೊಮ್ಮೆ ನೋಡಿರಿ. ಕಲೆಯ ಮೇಲೆ ಸುಣ್ಣ ಬಳಿದರೆ ಕಲೆ ಮರೆಯಾಗುತ್ತದೆ, ತೇವ ಮಾತ್ರ ಅಲ್ಲಿಯೇ ಇರುತ್ತದೆ.

ಈಗ ನಮ್ಮ ಮನೆಯಲ್ಲಿ ಅದಕ್ಕೆಂದೇ ಬೇರೊಂದು ಉಳಿತಾಯದ ಪುಸ್ತಕವಿದೆ. ಅದರ ಮೇಲೆ ‘ಖಂಡಸ್ಫುಟಿತ’ ಎಂದು ಬರೆದಿಟ್ಟಿದ್ದೇನೆ. ಮಕ್ಕಳು ಓದಿ ನಗುತ್ತಾರೆ. ನಗಲಿ. ಸಂಬಳ ಬಂದ ದಿನ ಅಕ್ಕಿ ಜೋಳಕ್ಕೆ ಎತ್ತಿಡುವಾಗಲೇ ಅದಕ್ಕೂ ಎತ್ತಿಡುತ್ತೇವೆ. ಮನೆಯೂ ನಮ್ಮೊಡನೆ ಉಣ್ಣುವ ಒಬ್ಬ ಸದಸ್ಯ; ಆದರೆ ಹಸಿವಾಯಿತೆಂದು ಕೇಳುವ ಬಾಯಿ ಅದಕ್ಕಿಲ್ಲ. ನಾವೇ ಅರಿತು ಬಡಿಸಬೇಕು.